ಕೆಂಪು ಕೆರೆಯ ಕಂಟ್ರೋಲರ್ ಸಾಹೇಬರು

ಮರಾಠಿ ಸೀಮೆಯ ನಮ್ಮ ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಆಯುಷ್ಯವಿಡೀ ಊರುಗಳ ಹೆಸರು ಕೂಗಿದ ಮನುಷ್ಯ ಅವರು. ತಮ್ಮ ಹೆಸರನ್ನು ಒಂದು ಸಲವಾದರೂ ಕೂಗಿದ್ದನ್ನು ನಾನು ಕೇಳಿಲ್ಲ. ಹಾಗಾಗಿ ನಾನೂ ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅವರು ಕಂಟ್ರೋಲರ್ ಸಾಹೇಬರು, ಅಷ್ಟು ಸಾಕಾಗಿತ್ತು.

ಅವರಿಗೆ ಎರಡು ದನಿ. ಒಂದು ಮೈಕಿನದು, ಮರಾಠಿಯದು. "ಪ್ರವಾಶಾಂನೀ ಲಕ್ಷ ದ್ಯಾವೇ" ಅಂತ ಪ್ರಯಾಣಿಕರ ಗಮನ ಸೆಳೆದರೆ ಸ್ಟ್ಯಾಂಡಿನ ನಾಯಿ ಕೂಡ ಎದ್ದು ಕೂಡುತ್ತಿತ್ತು. ಇನ್ನೊಂದು ನಮ್ಮ ಪಡಸಾಲೆಯ ದನಿ, ಕನ್ನಡದ್ದು, ಮೆತ್ತಗಿನದು. ಬಾಯಲ್ಲಿ ಸದಾ ಎಲೆ ಅಡಿಕೆ ಇರುತ್ತಿದ್ದರಿಂದ ಸ್ವಲ್ಪ ತೊಯ್ದ ದನಿ. ಗಡಿಯಾರವನ್ನು ಬಲಗೈಗೆ, ಮುಖ ಒಳಗೆ ಬರುವ ಹಾಗೆ ಕಟ್ಟುತ್ತಿದ್ದರು. ಟೈಮು ನೋಡಬೇಕೆಂದರೆ ಪ್ರಸಾದ ಇಸಿದುಕೊಳ್ಳುವವರ ಹಾಗೆ ಅಂಗೈ ಮೇಲಕ್ಕೆ ಎತ್ತಬೇಕು. ಅದನ್ನು ಕಂಡು ಹೊಸಬರು ಯಾರೋ ಆ ಕೈಯಲ್ಲಿ ಒಂದು ಪೇರಲ ಹಣ್ಣು ಇಟ್ಟು ಹೋದದ್ದೂ ಉಂಟು. ಸಾಹೇಬರು ಮೊದಲು ಟೈಮು ನೋಡಿ ಆಮೇಲೆ ಹಣ್ಣು ತಿಂದರು.

"ಸಾಹೇಬ್ರ, ಉದಗೀರ ಗಾಡಿ ರದ್ದಾಯ್ತೇನ್ರಿ?" ಅಂತ ಯಾರಾದರೂ ಕೇಳಿದರೆ ಅವರಿಗೆ ಖರೇನೇ ನೋವಾಗುತ್ತಿತ್ತು.

"ತಡಾ ಆಗ್ಯಾದ ಅನ್ನು. ರದ್ದ ಅನಬ್ಯಾಡ. ರದ್ದ ಅಂದ್ರ ಅದರಾಗ ಕೂತ ಮಂದಿ ಎಲ್ಲಿಗಿ ಹೋಗಬೇಕು?"

ಹೋದ ವರ್ಷ ಶ್ರಾವಣದಲ್ಲಿ ಅವರು ಉದಗೀರದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಈ ವರ್ಷ ಯುಗಾದಿಯಾಗಿ ನಾಲ್ಕು ದಿನಕ್ಕೆ ಆ ಮಗಳು, ಪ್ರತಿಭಾ, ನನಗೆ ಫೋನು ಮಾಡಿದಳು. ಅಲ್ಲಿಯ ಕಾಲೇಜಿನಲ್ಲಿ ಗಣಿತ ಹೇಳುವವಳು, ನನ್ನನ್ನು ಚಿಕ್ಕಮ್ಮನೆಂದು ಮರಾಠಿಯಲ್ಲಿ ಕಾಕು ಅನ್ನುವವಳು. ಸುಮ್ಮನೆ ಫೋನು ಮಾಡುವ ಪೈಕಿ ಅಲ್ಲ.

"ಕಾಕು, ನೀಲಗಡ ಮತ್ತ ಬರಲಕತ್ತದ," ಅಂದಳು.

ನಾನು ಒಲೆಯ ಮೇಲಿನ ಹಾಲು ಇಳಿಸಿ ಕುರ್ಚಿ ಎಳೆದುಕೊಂಡು ಕೂತೆ. ನೀಲಗಡ ಅಂದರೇನು ಅಂತ ಹೇಳದೆ ಮುಂದೆ ಹೋದರೆ ಓದುವವರಿಗೆ ತಿಳಿಯುವುದಿಲ್ಲ. ಹೇಳಿಬಿಡುತ್ತೇನೆ.

ಸಾಹೇಬರ ಮೂಲ ಊರು ಉಮರ್ಗಾ. ಹದಿನೈದು ದಿನಕ್ಕೊಮ್ಮೆ ತಾಯಿಯನ್ನು ನೋಡಲು ಹೋಗುತ್ತಿದ್ದರು. ಅಲ್ಲಿ ಹೈವೇ ಮಗ್ಗುಲಿಗೆ ಒಂದು ರದ್ದಿ ಅಂಗಡಿ. ಒಂದು ಸಲ ಅಲ್ಲಿಂದ ವಿದೇಶದ ಒಂದು ರಟ್ಟಿನ ಡಬ್ಬಿ ತಂದರು. ಒಳಗೆ ದೊಡ್ಡದೊಂದು ಬಣ್ಣದ ನಕಾಶೆ, ಅರ್ಧ ಪುಸ್ತಕ, ಮತ್ತೆ ಚಿಕ್ಕ ಚೀಲದಲ್ಲಿ ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು ಅಂತ ತರತರದ ದಾಳಗಳು. ಇಪ್ಪತ್ತು ಮುಖದ್ದನ್ನು ನಮ್ಮ ಅತ್ತೆ ಕೈಯಲ್ಲಿ ಹಿಡಿದು ಹೊರಳಿಸಿ ನೋಡಿ, "ಇದು ಎಲ್ಲಿ ನಿಂತೀತು ಅಂತ ದೇವರಿಗೂ ತಿಳ್ಯಂಗಿಲ್ಲ" ಅಂದು ವಾಪಸು ಕೊಟ್ಟಿದ್ದರು.

ಪುಸ್ತಕದ ಉಳಿದ ಅರ್ಧ ಏನಾಯಿತೆಂದರೆ, ರದ್ದಿಯವನು ಹರಿದು ಹರಿದು ಮಗ್ಗುಲಿನ ಶೇಂಗಾದವನಿಗೆ ಪುಡಿಕೆ ಕಟ್ಟಲು ಕೊಟ್ಟಿದ್ದ. ಹಾಗೆ ಹೋದದ್ದು ಯುದ್ಧದ ಅಧ್ಯಾಯ. ಕತ್ತಿ ಹ್ಯಾಗೆ ಬೀಸಬೇಕು, ರಾಕ್ಷಸ ಯಾವಾಗ ಸಾಯುತ್ತಾನೆ, ಇದೆಲ್ಲವನ್ನೂ ಉಮರ್ಗಾದ ಮಂದಿ ಶೇಂಗಾ ತಿಂದು ಮುದ್ದೆ ಮಾಡಿ ಎಸೆದುಬಿಟ್ಟಿದ್ದರು.

ಆಟ ಏನು ದೊಡ್ಡದಲ್ಲ. ಒಬ್ಬರು ಕಥೆ ಹೇಳುವವರು. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬರಾಗಿ ಹೊಕ್ಕು ಕೂಡಬೇಕು. "ಈಗ ಬಾಗಿಲು ತೆರೀತು, ಏನ್ ಮಾಡ್ತೀರಿ?" ಅಂತ ಅವರು ಕೇಳುತ್ತಾರೆ, ನಾವು ಏನು ಮಾಡುತ್ತೇವೆ ಅಂತ ಹೇಳುತ್ತೇವೆ, ಆದೀತೋ ಇಲ್ಲವೋ ಅಂತ ಅನುಮಾನ ಬಂದರೆ ದಾಳ ಹಾಕುತ್ತೇವೆ. ಈಗಿನವರು ಇದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಅನ್ನುತ್ತಾರಂತೆ. ನಾವು 'ನಾಡು ಆಡೋದು' ಅನ್ನುತ್ತಿದ್ದೆವು. ಡಬ್ಬಿಯ ಮೇಲಿನ ಇಂಗ್ಲಿಷ್ ಹೆಸರು ಯಾರ ಬಾಯಿಗೂ ಹೊಂದಲಿಲ್ಲ. ಚಿತ್ರದಲ್ಲಿ ಒಂದು ನೀಲಿ ಕೋಟೆ ಇತ್ತು, ಅದಕ್ಕೇ ಆ ನಾಡು ನೀಲಗಡ ಆಯಿತು. ರವಿವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲಿ ಹನ್ನೊಂದು ವರ್ಷ ಆಡಿದ್ದೇವೆ.

ಆಡುವವರಲ್ಲಿ ಒಬ್ಬರು ನಮ್ಮವರು. ಮೋಂಢಾ ಅಂದರೆ ಕಾಳಿನ ಪೇಟೆ, ಅಲ್ಲಿ ಅವರ ಅಡತಿ ಅಂಗಡಿ. ಪಕ್ಕದವರ ಕೊತ್ತಂಬರಿ ತಪ್ಪಿ ನಮ್ಮ ಚೀಲದಲ್ಲಿ ಬಂದರೆ ಅದು ಬಾಡುವುದರೊಳಗೆ ಹೋಗಿ ಕೊಟ್ಟು ಬರುವ ಮನುಷ್ಯ. ನೀಲಗಡದಲ್ಲಿ ಅವರು ಕಳ್ಳ. ಒಮ್ಮೆ ರಾಜನ ಖಜಾನೆಗೆ ಕನ್ನ ಹಾಕಿ, ಒಳಗೆ ಹೋಗಿ, ಮಲಗಿದ್ದ ಪಹರೆಯವನನ್ನು ತಟ್ಟಿ ಎಬ್ಬಿಸಿ, "ನಿಮ್ಮ ಬಾಗಲದ ಕೀಲಿ ಸಡಲ ಆಗ್ಯಾದ, ರಿಪೇರಿ ಮಾಡಸ್ರಿ" ಅಂತ ಹೇಳಿ ಬರಿಗೈಯಲ್ಲಿ ಬಂದರು.

ಎರಡನೆಯವರು ದೇವಣಿಯ ಬಸಣ್ಣ ಕಾಕಾ, ದನದ ದಲಾಲರು. ಅವರಿಗೆ ಕುದುರೆ ಸರದಾರನ ಪಾತ್ರ ಬಂದಿತ್ತು. "ಕುದರಿ ಮ್ಯಾಲ ನಾ ಕೂಡಂಗಿಲ್ಲ. ಅದರ ಹಲ್ಲು ನೋಡಿ ವಯಸ್ಸು ಹೇಳಲಿಕ್ಕ ನನಗ ಬರಂಗಿಲ್ಲ" ಅಂತ ಹಟ ಹಿಡಿದರು. ಸಾಹೇಬರು ಒಂದು ಎಲೆ ಮಡಚಿ ಬಾಯಲ್ಲಿಟ್ಟುಕೊಂಡು ವಿಚಾರ ಮಾಡಿ, ದೇವಣಿ ಹೋರಿ ನಡೆಯುತ್ತದೆ ಅಂದರು. ಅಂದಿನಿಂದ ಬಸಣ್ಣ ಕಾಕಾ ಮೈತುಂಬ ಕಬ್ಬಿಣದ ಕವಚ ತೊಟ್ಟು, ಕರಿಕಿವಿಯ ಬಿಳಿ ಹೋರಿಯ ಮೇಲೆ ಕೂತು ನೀಲಗಡದ ತುಂಬ ನ್ಯಾಯ ಮಾಡುತ್ತ ತಿರುಗಿದರು.

ನಾನು ಮೊದಲ ವರ್ಷ ಚಹಾ ಕೊಡುವವಳು ಮಾತ್ರ. ಒಂದು ರವಿವಾರ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕಳ್ಳ ಮತ್ತು ಸರದಾರ ಇಬ್ಬರೂ ನಕಾಶೆಯ ನಡುವಿನ ಒಂದು ದೊಡ್ಡ ಕೆಂಪು ಕೆರೆಯ ಹತ್ತಿರ ಬಂದು, ಹೋರಿ ನೀರಿಗೆ ಇಳಿಯುತ್ತದೋ ಇಲ್ಲವೋ ಅಂತ ಅರ್ಧ ತಾಸಿನಿಂದ ಜಗಳಾಡುತ್ತಿದ್ದರು. ಸಾಹೇಬರು ತಲೆಯೆತ್ತಿ ನನ್ನ ಕಡೆ ನೋಡಿದರು.

"ದಂಡಿ ಮ್ಯಾಲ ಒಬ್ಬಾಕಿ ಹೆಣ್ಮಗಳು ನಿಂತಾಳ. ಕೈಯಾಗ ಹುಟ್ಟು ಅದ. ಏನವ್ವಾ, ಇವರಿಗಿ ದಾಟಸ್ತೀಯೇನು?"

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಮೊದಲ ಚಹಾ ಕುಡೀರಿ. ಆಮ್ಯಾಲ ದಾಟಸ್ತೀನಿ," ಅಂದೆ.

"ಬರೋಬರಿ!" ಅಂದರು. "ಹೆಸರು?"

"ಗೌರವ್ವ," ಅಂತ ಬಾಯಿಗೆ ಬಂದದ್ದು ಹೇಳಿದೆ. ಅಲ್ಲಿಂದ ಮುಂದೆ ನಾನು ಕೆಂಪು ಕೆರೆಯ ಅಂಬಿಗಿತ್ತಿ ಗೌರವ್ವ. ಹತ್ತು ವರ್ಷ ದೋಣಿ ನಡೆಸಿದ್ದೇನೆ. ಆ ಕೆರೆಯಲ್ಲಿ ಎಲ್ಲಿ ಸುಳಿ, ಎಲ್ಲಿ ಕೆಸರು, ಯಾವ ದಂಡೆಗೆ ಯಾವಾಗ ಗಾಳಿ, ನನಗೆ ಬಾಯಿಪಾಠ. ಕೆರೆ ಕೆಂಪಗೆ ಯಾಕೆ ಅಂತ ನಾನು ಕೇಳಲೇ ಇಲ್ಲ. ಪರದೇಶದ ಕೆರೆ, ಇದ್ದೀತು ಅಂದುಕೊಂಡೆ.

ನನಗೆ ದಿನಾ ವಹಿಯಲ್ಲಿ ಬರೆದಿಡುವ ಚಾಳಿ. ಈಗ ತೆಗೆದು ನೋಡಿದರೆ ಹೀಗೆಲ್ಲ ಇದೆ: "ಹಾಲು ಒಡೆಯಿತು. ಅತ್ತೆಯವರಿಗೆ ಮೊಣಕಾಲು ನೋವು. ಮೂವರು ರಾಕ್ಷಸರನ್ನು ಆಚೆ ದಂಡೆಗೆ ಬಿಟ್ಟೆ, ಒಬ್ಬನಿಗೆ ನಡುನೀರಿನಲ್ಲಿ ವಾಂತಿಯಾಯಿತು. ಸಂಜೆಗೆ ಪುಂಡಿಪಲ್ಲೆ." ಯಾವುದು ಯಾವ ಊರಿನದು ಅಂತ ಆಗ ಬೇರೆ ಮಾಡಿ ಬರೆಯುವ ಅವಶ್ಯ ಕಂಡಿರಲಿಲ್ಲ.

ಯುದ್ಧದ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಮೊದಲ ಸಲ ಬೆಂಕಿ ಉಗುಳುವ ಸರ್ಪ ಎದುರಾದಾಗ ಸಾಹೇಬರು ಪುಸ್ತಕ ತಿರುವಿದರು. ಪುಟ ಮುಗಿದುಹೋಗಿತ್ತು. ಮೂವರೂ ಸುಮ್ಮನೆ ಕೂತರು, ಸರ್ಪವೂ ಸುಮ್ಮನೆ ಕೂತಿತ್ತು. ಆಗ ಬಸಣ್ಣ ಕಾಕಾ ಹೆಗಲ ಮೇಲಿನ ಟಾವೆಲ್ ತೆಗೆದು ನಕಾಶೆಯ ಮೇಲೆ ಹಾಸಿದರು.

"ಸರ್ಪಕ್ಕ ಏನೋ ಬೇಕಾಗ್ಯಾದ. ನಮಗ ಏನೋ ಬೇಕಾಗ್ಯಾದ. ಇದರಾಗ ಬಡಿದಾಟ ಎಲ್ಲಿಂದ ಬಂತ್ರಿ? ಇದು ಸೌದಾ. ಕೈ ತರ್ರಿ."

ದೇವಣಿ ಸಂತೆಯಲ್ಲಿ ದನದ ವ್ಯಾಪಾರ ನೋಡಿದವರಿಗೆ ಇದು ಗೊತ್ತು. ಮಾರುವವನೂ ಕೊಳ್ಳುವವನೂ ಟಾವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಒತ್ತಿ ಚೌಕಾಶಿ ಮಾಡುತ್ತಾರೆ. ಬಾಯಿಂದ ಒಂದು ಶಬ್ದವಿಲ್ಲ. ಸುತ್ತಲಿನವರಿಗೆ ಏನೂ ಕಾಣುವುದಿಲ್ಲ. ಹೀಗೆ ನೀಲಗಡದಲ್ಲಿ ಹನ್ನೊಂದು ವರ್ಷ ಒಂದೂ ಯುದ್ಧವಾಗಲಿಲ್ಲ. ಎಲ್ಲ ಟಾವೆಲಿನ ಕೆಳಗೇ ಮುಗಿಯಿತು. ಒಬ್ಬ ರಾಕ್ಷಸನೂ ಸಾಯಲಿಲ್ಲ, ಮೆಲ್ಲಗೆ ಎಲ್ಲರೂ ನಮ್ಮ ಬಳಗದವರಂತೆ ಆದರು. ಒಬ್ಬ ರಾಕ್ಷಸನ ಮಗಳ ಮದುವೆಗೂ ಹೋಗಿ ಬಂದೆವು. ಹೋಳಿಗೆ ಮಾಡಿಸಿದ್ದ, ತುಪ್ಪ ಮಾತ್ರ ಕಮ್ಮಿ ಬಿತ್ತು.

ಸಾಹೇಬರು ಸರ್ಪವಾಗಿ ಟಾವೆಲಿನ ಕೆಳಗೆ ಕೈ ಕೊಟ್ಟಾಗ ಮುಖದ ಮೇಲೆ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಆದರೆ ಸರ್ಪ ಸೋಲಲಿಕ್ಕೆ ಬಂತೆಂದರೆ ಬಾಯೊಳಗಿನ ಎಲೆ ಅಗಿಯುವುದು ನಿಲ್ಲುತ್ತಿತ್ತು. ಇದು ಬಸಣ್ಣ ಕಾಕಾಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ನಾನೂ ನೋಡಿದ್ದೆ, ನಾನೂ ಹೇಳಿರಲಿಲ್ಲ.

ಅವರು ರಿಟೈರಾಗಿ ಉದಗೀರಕ್ಕೆ ಮಗಳ ಹತ್ತಿರ ಹೋದ ಮೇಲೆ ಆಟ ನಿಂತಿತು. ನಡುವೆ ಒಮ್ಮೆ ಸಾಹೇಬರಿಲ್ಲದೆ ಆಡಿ ನೋಡೋಣ ಅಂತ ನಮ್ಮವರು ಕಥೆ ಹೇಳಲು ಕೂತಿದ್ದರು. "ಈಗ ಬಾಗಿಲು ತೆರೀತು" ಅಂದರು. ಒಳಗೆ ಏನದ ಅಂತ ನಾವು ಕೇಳಿದೆವು. ಹತ್ತು ನಿಮಿಷ ವಿಚಾರ ಮಾಡಿ, "ತೊಗರಿ ಚೀಲ ಅದಾವ" ಅಂದರು. ಇನ್ನೊಂದು ಬಾಗಿಲು ತೆರೆದೆವು. ಅಲ್ಲಿ ಸೋಯಾಬೀನ್ ಇತ್ತು. ಅಲ್ಲಿಗೆ ಬಿಟ್ಟೆವು.

ಕೊನೆಯ ಸಲ ಉದಗೀರಕ್ಕೆ ನೋಡಲು ಹೋದಾಗ ಸಾಹೇಬರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಡಾಕ್ಟರು ಎಲೆ ಅಡಿಕೆ ಬಿಡಿಸಿದ್ದರು. ಬಾಯಿ ಖಾಲಿಯಾದದ್ದಕ್ಕೋ ಏನೋ, ದನಿ ಒಣಗಿತ್ತು. ನಮ್ಮವರು ಔಷಧದ ಮಾತು, ಮಳೆಯ ಮಾತು ಎಲ್ಲ ಆಡಿದರು. ಸಾಹೇಬರು ಹೂಂ ಹೂಂ ಅಂದು, ನನ್ನ ಕಡೆ ತಿರುಗಿ, "ವೈನಿ, ನೀರು ಎಷ್ಟದ?" ಅಂದರು. ಪ್ರತಿಭಾ ತಂಬಿಗೆ ತರಲು ಎದ್ದಳು.

"ತುಂಬ್ಯಾದ್ರಿ ಸಾಹೇಬ್ರ," ಅಂದೆ. "ಈ ಸಲ ಮೆಟ್ಟಲ ತನಕಾ ಬಂದದ."

"ದೋಣಿ ಮ್ಯಾಲ ಎಳದ ಕಟ್ರಿ ಮತ್ತ," ಅಂದರು.

ಇಷ್ಟು ಹಿಂದಿನದು. ಈಗ ಫೋನಿನ ಮಾತಿಗೆ ಬರುತ್ತೇನೆ. ಆ ಡಬ್ಬಿ ಮಾಡಿದ ವಿದೇಶದವರು ಎಷ್ಟೋ ವರ್ಷ ಅದನ್ನು ಬಿಟ್ಟೇ ಬಿಟ್ಟಿದ್ದರಂತೆ. ಈಗ ಅದೇ ನಾಡನ್ನು ಮತ್ತೆ ಹೊಸದಾಗಿ ತಂದಿದ್ದಾರೆ, ಹೊಸ ನಕಾಶೆ, ಹೊಸ ಪುಸ್ತಕ. ಪ್ರತಿಭಾ ಅಪ್ಪನ ನೆನಪಿಗೆ ಅಂತ ತರಿಸಿದ್ದಳು. ತಾನೇ ಕಥೆ ಹೇಳಲು ಕೂಡುತ್ತೇನೆ, ನಮ್ಮ ಪಡಸಾಲೆಯಲ್ಲೇ ಮತ್ತೆ ಶುರು ಮಾಡೋಣ ಅಂದಳು.

ಆ ವಾರ ನಮ್ಮ ಮನೆಯಲ್ಲಿ ಯಾರೂ ನೆಟ್ಟಗಿರಲಿಲ್ಲ. ನಮ್ಮವರಿಗೆ ಆಸೆ, ಹೊಸ ಪುಸ್ತಕದಲ್ಲಿ ಕಳ್ಳರಿಗೆ ಏನಾದರೂ ಸವಲತ್ತು ಕೊಟ್ಟಿರಬಹುದು ಅಂತ. ಬಸಣ್ಣ ಕಾಕಾ ದೇವಣಿಯಿಂದ ದಿನಾ ಫೋನು ಮಾಡಿ, ಹೋರಿಗೆ ಅಲ್ಲಿ ಮೇವು ಹ್ಯಾಂಗ ಅದ ಕೇಳು ಅನ್ನುವರು. ನನಗೂ ಆಸೆಯಿತ್ತು. ಜೊತೆಗೆ ಒಂದು ಅಂಜಿಕೆಯೂ ಇತ್ತು. ಹಳೇ ಮನೆಗೆ ಹೊಸ ಸುಣ್ಣ ಬಳಿಯುವವರು ಬಂದರೆ ಯಾವ ಗೂಟ ಕೀಳುತ್ತಾರೆ ಅಂತ ಹೇಳಲಿಕ್ಕಾಗುವುದಿಲ್ಲ.

ರವಿವಾರ ಪ್ರತಿಭಾ ಬಂದಳು. ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಹಾಳೆ ಹಾಳೆಗೂ ಬಣ್ಣದ ಚೀಟಿ ಅಂಟಿಸಿದ್ದಳು.

"ಮೊದಲನೇ ಮಾತು ಹೇಳಿಬಿಡ್ತೀನಿ," ಅಂದಳು. "ಈ ಹೊಸದರಾಗ ಕಥಿ ನೂರು ವರ್ಷ ಮುಂದ ಹೋಗ್ಯಾದ."

"ಅಂದ್ರ?" ಅಂದರು ನಮ್ಮವರು.

"ಅಂದ್ರ ಕಾಕಾ, ನೀವೆಲ್ಲಾ..."

"ಸತ್ತೀವಿ," ಅಂತ ಬಸಣ್ಣ ಕಾಕಾ ಮುಗಿಸಿದರು. "ಮೂರೂ ಮಂದಿ?"

"ನೂರು ವರ್ಷ ಆಯ್ತಲ್ರಿ, ಕಾಕಾ."

"ನನ್ನ ಸಮಾಧಿ ಎಲ್ಲಿ ಅದ ನೋಡು ಪುಸ್ತಕದಾಗ."

ಆಕೆ ಖರೇನೇ ಹಿಂದಿನ ಸೂಚಿ ತೆಗೆದು ನೋಡಿದಳು. ಇರಲಿಲ್ಲ.

"ಅಷ್ಟು ಮಂದಿ ನ್ಯಾಯ ಬಗೀಹರಿಸೀನಿ. ಒಂದು ಕಲ್ಲರೆ ನಿಲ್ಲಸಬಾರದೇನು? ಎಂಥಾ ಮಂದೀರಿ ಇವರು!"

"ಕಳ್ಳರದು ಏನದ?" ನಮ್ಮವರು ನಡುವೆ ಬಾಯಿ ಹಾಕಿದರು.

"ಕಳ್ಳರಿಗಿ ಕತ್ತಲದಾಗ ಕಾಣತದ, ಕಾಕಾ."

"ಕೇಳ್ದಿ?" ಅಂತ ನನ್ನ ಕಡೆ ನೋಡಿದರು. ಕಣ್ಣಿನ ಪೊರೆ ತೆಗೆಸಿ ಎರಡೇ ತಿಂಗಳಾಗಿತ್ತು, ಕಳ್ಳನ ಕಣ್ಣು ತಮ್ಮ ಕಣ್ಣು ಎರಡೂ ಸೇರಿಸಿ ಹಿಗ್ಗಿದರು.

"ಮತ್ತ ಬಡಿದಾಟದ ನಿಯಮ ಎಂಬತ್ತು ಪುಟ ಅದಾವ," ಅಂದಳು ಪ್ರತಿಭಾ.

"ಎಂಬತ್ತು ಪುಟಾ!" ಬಸಣ್ಣ ಕಾಕಾ ಟಾವೆಲನ್ನು ಹೆಗಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇವರಿಗಿ ಸಂತಿ ಇಲ್ಲೇನವ್ವಾ? ಎದುರಿನವ ಏನ್ ಕೇಳ್ತಾನ ಅಂತರೆ ಕೇಳಬಾರದೇನು?"

ಆಮೇಲೆ ಆಕೆ ಹೊಸ ನಕಾಶೆ ಹಾಸಿದಳು. ಹೊಳೆಯುವ ಕಾಗದ. ನೀಲಿ ಕೋಟೆ ಇತ್ತು. ಬೆಟ್ಟ, ಕಾಡು, ಹೊಳೆ, ಎಲ್ಲ ಇದ್ದಲ್ಲೇ ಇದ್ದವು. ನಡುವೆ, ನನ್ನ ಕೆರೆ ಇದ್ದಲ್ಲಿ, ಹಳದಿ ಬಯಲು. ಒಂದು ಹುಲ್ಲುಕಡ್ಡಿ ಕೂಡ ಬರೆದಿರಲಿಲ್ಲ.

"ಕೆರಿ ಎಲ್ಲಿ?" ಅಂದೆ.

ಪ್ರತಿಭಾ ತಾನು ತಂದಿದ್ದ ಹಳೇ ನಕಾಶೆಯನ್ನು ಅದರ ಪಕ್ಕಕ್ಕೆ ಬಿಚ್ಚಿದಳು. ಮಡಿಕೆಗೆಲ್ಲ ಸಾಹೇಬರು ಬಟ್ಟೆಪಟ್ಟಿ ಅಂಟಿಸಿದ್ದರು. ಹೊಸದರ ಪಕ್ಕ ಇಟ್ಟಾಗ ನನಗೂ ಕಂಡಿತು. ಕೆರೆಯ ಅಂಚಿಗೆ ಅಚ್ಚಿನ ಗೆರೆಯೇ ಇರಲಿಲ್ಲ. ಒಂದು ಕಡೆ ಸಣ್ಣ ಸಣ್ಣ ಹನಿ ಸಿಡಿದಿದ್ದವು. ಆ ಹನಿಗಳನ್ನು ನಾನು ನಡುಗಡ್ಡೆ ಅಂದುಕೊಂಡು ಒಂದೊಂದಕ್ಕೂ ಹೆಸರಿಟ್ಟಿದ್ದೆ. ಪ್ರತಿಭಾ ನಕಾಶೆ ಹೊರಳಿಸಿದಳು. ಹಿಂದೆ ಪೆನ್ಸಿಲಿನಲ್ಲಿ, ಸಾಹೇಬರ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: "ನಡುವಿನದು ನನ್ನ ತಾಂಬೂಲದ ಕಲೆ. ವೈನಿಗೆ ಹೇಳಬಾರದು."

ಓದಿದ್ದೇ ನಮ್ಮವರ ಹೊಟ್ಟೆ ನಗೆಯಿಂದ ಅಲುಗಾಡಲು ಹತ್ತಿತು.

"ಹತ್ತು ವರ್ಷ!" ಅಂದರು, ಕಣ್ಣಲ್ಲಿ ನೀರು. "ಹತ್ತು ವರ್ಷ ಉಗುಳಿನ ಮ್ಯಾಲ ದೋಣಿ ನಡಸೀದಿ!"

"ನೀವು ಅದೇ ಉಗುಳಿನಾಗ ಎರಡು ಸಲ ಮುಳಗೀ ಎದ್ದೀರಿ," ಅಂದೆ.

ನಗು ನಿಂತಿತು.

ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಆ ದಿನ ತಾಟು ಹಿಡಿದು ನಿಂತವಳನ್ನು ಆಟದೊಳಗೆ ಕರೆಯಲು ಅವರಿಗೆ ಸಿಕ್ಕದ್ದು ಆ ಕಲೆಯೊಂದೇ. ಕೆರೆ ಅಂದುಬಿಟ್ಟಿದ್ದರು. ಅಂದ ಮೇಲೆ ಕೊನೆಯವರೆಗೂ ಅದಕ್ಕೆ ನೀರು ಎಷ್ಟಿದೆ ಅಂತ ಕೇಳುತ್ತ ಬಂದಿದ್ದರು.

"ಇರಲಿ ಬಿಡು ತಂಗಿ, ನೀನೂ ಕೆರಿ ಅಂದುಬಿಡು," ಅಂದೆ.

ಪ್ರತಿಭಾಳ ಮುಖ ಸಣ್ಣದಾಯಿತು. "ಕಾಕು, ಪುಸ್ತಕದಾಗ ಇಲ್ಲದ್ದು ನಾ ಹ್ಯಾಂಗ ಹೇಳಲಿ? ಅಪ್ಪಗ ಬರ್ತಿತ್ತು. ಬಾಯಿ ತೆಗದ್ರ ಒಂದು ಊರು ಬರ್ತಿತ್ತು. ನಾ ಗಣಿತ ಹೇಳಾಕಿ. ನನಗ ಪುಸ್ತಕ ಬೇಕು. ಹೊರಗಿಂದು ಒಂದು ಹೇಳಲಿಕ್ಕ ಹೋದೆ ಅಂದ್ರ ಎಲ್ಲಾ ಹಾಳ ಮಾಡ್ತೀನಿ."

ಆಕೆಯ ಅಂಜಿಕೆ ಖರೇದು. ಆಕೆ ಬಿಟ್ಟರೆ ಕಥೆ ಹೇಳುವವರು ಯಾರೂ ಇಲ್ಲ, ನಮ್ಮವರ ತೊಗರಿ ಚೀಲ ಎಲ್ಲರಿಗೂ ನೆನಪಿತ್ತು. ಕೆರೆ ಕೇಳಿ ಹಟ ಹಿಡಿದರೆ ನೀಲಗಡವೇ ಹೋಗುತ್ತದೆ. ಬಿಟ್ಟುಕೊಟ್ಟರೆ ಗೌರವ್ವ ಹೋಗುತ್ತಾಳೆ.

"ಹಂಗಾರ ನೀವು ಆಡ್ರಿ. ನಾ ಚಹಾ ಮಾಡ್ತೀನಿ," ಅಂತ ಎದ್ದೆ.

"ಕೂಡ್ರು," ಅಂದರು ಬಸಣ್ಣ ಕಾಕಾ. ಅವರು ಹಾಗೆ ಗಟ್ಟಿಯಾಗಿ ಅಂದದ್ದು ನಾನು ಕೇಳಿರಲಿಲ್ಲ. ಟಾವೆಲ್ ಝಾಡಿಸಿ ಎರಡೂ ನಕಾಶೆಗಳ ಮೇಲೆ ಹಾಸಿದರು. "ಒಂದು ಬೆರಳು ಅಂದ್ರ ಇಪ್ಪತ್ತು ವರ್ಷ. ಐದೂ ಬೆರಳು ಒತ್ತಿದ್ರ ಪುಸ್ತಕದ ನೂರು ವರ್ಷ. ಅಷ್ಟೊತ್ತಿಗಿ ಕೆರಿ ಬತ್ತಿ ಬಯಲಾಗ್ಯಾದ, ನಾವು ಮಣ್ಣಾಗೀವಿ. ಒಂದೂ ಒತ್ತಲಿಲ್ಲಂದ್ರ ಹಳೇ ಕಾಲ. ನೀವಿಬ್ಬರು ಎಷ್ಟಕ್ಕ ಕುದರಸ್ತೀರಿ ಕುದರಸ್ರಿ. ಬಾಯಿ ಮುಚ್ಚಿ."

ಪ್ರತಿಭಾ ಎಂದೂ ಟಾವೆಲಿನ ಕೆಳಗೆ ಕೈ ಕೊಟ್ಟವಳಲ್ಲ. ಐದೂ ಬೆರಳು ಒತ್ತಿದಳು. ನಾನು ಮುಷ್ಟಿ ಮಾಡಿದೆ. ನಾಲ್ಕು ಒತ್ತಿದಳು. ನಾನು ಕಿರುಬೆರಳೊಂದು ಬಿಟ್ಟೆ. ಆಕೆ ಮೂರಕ್ಕೆ ಬಂದು ಗಟ್ಟಿ ನಿಂತಳು. ಮೂರೆಂದರೆ ಅರವತ್ತು ವರ್ಷ, ಗೌರವ್ವನಿಗೆ ತೊಂಬತ್ತೈದಾಗುತ್ತದೆ, ಹುಟ್ಟು ಎತ್ತಲಿಕ್ಕಾಗುವುದಿಲ್ಲ. ನಾನು ಆಕೆಯ ಒಂದು ಬೆರಳು ಹಿಡಿದು ಮೆಲ್ಲಗೆ ಮಡಚಿದೆ. ಆಕೆ ಬಿಚ್ಚಿದಳು. ನಾನು ಮತ್ತೆ ಮಡಚಿದೆ. ಮೂರನೇ ಸಲಕ್ಕೆ ಆಕೆಗೆ ಕಚಗುಳಿಯಾಗಿ ಕಿಸಕ್ ಅಂತ ನಕ್ಕುಬಿಟ್ಟಳು.

"ನಕ್ಕ ಮ್ಯಾಲ ಸೌದಾ ಆಯ್ತು," ಅಂದರು ಬಸಣ್ಣ ಕಾಕಾ. ಅಂಥ ಕಾಯಿದೆ ದೇವಣಿಯಲ್ಲಿ ಇಲ್ಲ.

ಎರಡು ಬೆರಳು. ನಲವತ್ತು ವರ್ಷ. ಕೆರೆ ಇನ್ನೂ ಬತ್ತಿಲ್ಲ, ನಾವು ಮೂವರೂ ಇನ್ನೂ ಸತ್ತಿಲ್ಲ, ಆದರೆ ಎಲ್ಲರೂ ಎಪ್ಪತ್ತು ದಾಟಿದ ಮುದುಕರು. ನಮ್ಮವರು ಕೂಡಲೇ ತಮ್ಮ ಕಳ್ಳನಿಗೆ ಗೋಡೆ ಹತ್ತುವುದು ಬಿಟ್ಟು ಮೆಟ್ಟಿಲಿರುವ ಮನೆಗಳಿಗಷ್ಟೇ ಕನ್ನ ಹಾಕುವುದಾಗಿ ಹೇಳಿದರು. ಬಸಣ್ಣ ಕಾಕಾ ಟಾವೆಲ್ ಹೆಗಲಿಗೆ ಹಾಕಿಕೊಂಡು ಪ್ರತಿಭಾಳ ಕಡೆ ತಿರುಗಿದರು.

"ನನ್ನ ಹೋರಿ?" ಅಂದರು.

"ಕಾಕಾ, ಹೋರಿ ನಲವತ್ತು ವರ್ಷ..."

"ಗೊತ್ತದ. ನನಗ ಹೇಳ್ತೀಯೇನು?" ಎದ್ದು ಕಟ್ಟೆಯ ಮೇಲೆ ಹೋಗಿ ಕೂತರು. ಹತ್ತು ನಿಮಿಷ ಕಳೆದು ಒಳಗೆ ಇಣುಕಿ, "ಬೀಜದ ಹೋರಿ ಇತ್ತು ಅದು. ಊರೂರಿಗಿ ಕರಾ ಬಿಟ್ಟಿರಬೇಕು" ಅಂದರು.

ಪ್ರತಿಭಾ ಪುಸ್ತಕದ ಕಡೆ ಕೈ ಒಯ್ದಳು. ದನದ ಅಧ್ಯಾಯ ಇರಲಿಲ್ಲ. "ಬಿಟ್ಟದ್ರಿ, ಕಾಕಾ," ಅಂದಳು.

"ಕಿವಿ?"

"ಕರೀವು."

"ಎರಡೂ?"

"ಎರಡೂ."

ಅವರು ಒಳಗೆ ಬಂದು ಕೂತರು.

ಆಟ ಶುರುವಾಯಿತು. ನಾನು ದೋಣಿ ಬಿಚ್ಚಿದೆ. ಆಚೆ ದಂಡೆಗೆ ಎಷ್ಟು ಹೊತ್ತು ಹಿಡಿಯುತ್ತದೆ, ನೀರು ಎಷ್ಟಿದೆ ಅಂತ ಕೇಳಿದೆ. ಪ್ರತಿಭಾ ಒಂದು ಬಣ್ಣದ ಚೀಟಿ ತೆಗೆದು ನೋಡಿದಳು, ಇನ್ನೊಂದು ನೋಡಿದಳು. ಇಲ್ಲದ ಕೆರೆಯ ನೀರಿನ ಅಳತೆ ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ಮುಂದೆ ತಿರುವಿದಳು, ಹಿಂದೆ ತಿರುವಿದಳು. ನಾವು ಅವಸರ ಮಾಡಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿ, ಬೀಳುತ್ತೇನೇನೋ ಅನ್ನುವ ಹಾಗೆ ಅದರ ಮೇಲೆ ಎರಡೂ ಕೈ ಊರಿದಳು.

"ಎರಡು ತಾಸು," ಅಂದಳು. "ಗಾಳಿ ಎದುರಿಂದು ಅದ."

"ದೋಣ್ಯಾಗ ಯಾರಾರ ಅದಾರ?"

"ನೀವು ಮೂರು ಮಂದಿ. ಮತ್ತ..." ಕಣ್ಣು ಮುಚ್ಚಿದಳು. "ಮತ್ತ ಒಬ್ಬಾಕಿ ಮುದುಕಿ. ಬಗಲಾಗ ಒಂದು ಕೋಳಿ."

"ಪುಸ್ತಕದಾಗ ಅದ ಏನು ಕೋಳಿ?" ಅಂದರು ನಮ್ಮವರು.

"ಇಲ್ರಿ, ಕಾಕಾ. ಈಗ ಬಂತು." ಆಕೆಗೇ ಆಶ್ಚರ್ಯವಾಗಿತ್ತು.

ಅಲ್ಲಿಂದ ಮುಂದೆ ಕೋಳಿ ಪ್ರಯಾಣಿಕಳೋ ಲಗೇಜೋ ಅಂತ ವಾದ ಎದ್ದಿತು. ಲಗೇಜು ಅಂದರು ನಮ್ಮವರು. ಜೀವ ಇದ್ದದ್ದು ಲಗೇಜು ಹ್ಯಾಂಗ ಆಗತದ ಅಂತ ಬಸಣ್ಣ ಕಾಕಾ ಕೇಳಿದರು. ಮುದುಕಿ, ಅಂದರೆ ಪ್ರತಿಭಾ, ನನ್ನ ಕೋಳಿ ನಿಮ್ಮ ಹೋರಿಗಿಂತ ಶಾಣ್ಯಾ ಅದ ಅಂದಳು. ಹೋರಿಯ ಮಾತೆತ್ತಿದ ಮೇಲೆ ಬಸಣ್ಣ ಕಾಕಾ ಪಕ್ಷ ಬದಲಿಸಿದರು. ಉದಗೀರದ ಬಸ್ಸು ಹೋಯಿತು. ಅದರ ನಂತರದ ಬಸ್ಸಿಗೆ ಪ್ರತಿಭಾ ಓಡುತ್ತ ಹೋಗುವಾಗ ದೋಣಿ ನಡುನೀರಿನಲ್ಲೇ ಇತ್ತು.

ಮರುದಿನ ಸೋಮವಾರ. ನಾನು ರೊಟ್ಟಿ ಬಡಿಯುತ್ತಿದ್ದೆ. ನಮ್ಮವರು ಅಂಗಡಿಗೆ ಹೊರಟವರು ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲಿ ನಿಂತರು.

"ಅಲ್ಲ, ಆ ಕೋಳಿಗಿ ನಿನ್ನಿಯಿಂದ ಯಾರರೆ ಏನರೆ ಹಾಕ್ಯಾರೇನು?"

ನಾನು ವಿಚಾರ ಮಾಡಿದೆ. ಯಾರೂ ಹಾಕಿರಲಿಲ್ಲ. ಕೈ ತೊಳೆದುಕೊಂಡು ಪ್ರತಿಭಾಗೆ ಫೋನು ಹಚ್ಚಿದೆ. ಕಾಲೇಜಿನ ಸ್ಟಾಫ್‌ರೂಮಿನಲ್ಲಿದ್ದಳು ಅಂತ ಕಾಣುತ್ತದೆ, ಹಿಂದೆ ಮಂದಿ ಮರಾಠಿಯಲ್ಲಿ ಮಾತಾಡುವುದು ಕೇಳಿಸುತ್ತಿತ್ತು. ನಾನು ಕೇಳಿದ್ದಕ್ಕೆ ಆಕೆ ಒಂದು ಕ್ಷಣವೂ ತಡ ಮಾಡಲಿಲ್ಲ. ದನಿ ತಗ್ಗಿಸಿ ಹೇಳಿದಳು:

"ಮುದುಕಿ ಸೆರಗಿನಾಗ ಜ್ವಾಳಾ ಕಟ್ಕೊಂಡು ಬಂದಾಳ, ಕಾಕು. ಕೋಳೀದು ಆಕಿ ನೋಡ್ಕೋತಾಳ. ನೀವು ಹುಟ್ಟು ಹಾಕ್ರಿ."